ನರ್ಸರಿಯವರು ಈ ಸಲ ಬರಲಿಲ್ಲ

…ಸಾಕು, ಸಾಕು ಕಣೇ! ನಾವು ಟೊಮೇಟೊ ನೆಡ್ತಿದೀವಾ, ಬಾವಿ ತೋಡ್ತಿದೀವಾ? ಒಂದು ಗೇಣು ಅಂತ ಹೇಳ್ದೆ. ನೀನು ಮೊಣಕಾಲುದ್ದ ಇಳಿದಿದೀಯ. ಆ ಮಣ್ಣಿನ ಮೇಲೆ ನಿನಗೆ ಯಾವ ಜನ್ಮದ ಸೇಡೋ ಏನೋ. ಮೇಲಿನ ಒಳ್ಳೇ ಮಣ್ಣೆಲ್ಲ ಕೆಳಗೆ ಹೋಯ್ತು, ಕೆಳಗಿದ್ದ ಕಲ್ಲೆಲ್ಲ ಮೇಲೆ ಬಂತು. ಮುಚ್ಚು. ಅರ್ಧ ಮುಚ್ಚು. ಹಾಂ… ಅಷ್ಟು.

ಏನು ಹಾಗೆ ನೋಡ್ತೀಯ? ಕೂತ್ಕೊಂಡು ಹೇಳೋದು ಸುಲಭ ಅಂತಾನಾ? ಸುಲಭಾನೇ. ಅದಕ್ಕೇ ಅಲ್ವಾ ನಾನು ಆ ಕೆಲಸ ತಗೊಂಡಿರೋದು. ಅಕ್ಕ ಸ್ಟೂಲ್ ಮೇಲೆ ಕೂತು ಹೇಳೋದು, ತಂಗಿ ನಿಂತು ಅಗೆಯೋದು. ಮಂಡಿ ಆಪರೇಷನ್ ಆದಾಗಿನಿಂದ ಇದೇ ಏರ್ಪಾಡು. ಇಷ್ಟು ದಿನ ಯಾರೂ ಬೇಡ ಅಂದಿರಲಿಲ್ಲ.

ಚಳಿ ಮುಗೀತು ನೋಡು. ಹೋದ ಭಾನುವಾರ ಈ ಹೊತ್ತಿಗೆ ನಾನು ಎರಡು ಸ್ವೆಟರ್ ಹಾಕ್ಕೊಂಡಿದ್ದೆ. ಇವತ್ತು ಒಂದೇ. ಗೋಡೆ ಮೇಲಿನ ಬಳ್ಳೀಲಿ ಚಿಗುರು ಬಂದಿದೆ. ನೋಡ್ದ್ಯಾ? ನೋಡಿಲ್ಲ. ಬೆಳಗ್ಗೆ ಎದ್ದಾಗಿನಿಂದ ನೀನು ತಲೆ ಎತ್ತಿದ್ರೆ ತಾನೇ.

ಪುಟ್ಟಿ.

ಮಾತಾಡೇ.

ಸರಿ, ಬಿಡು. ನೀನು ಮಾತಾಡದೇ ಇರೋದು ನನಗೇನು ಹೊಸದಲ್ಲ. ನಿನ್ನ ಮೌನಾನ ನನ್ನಷ್ಟು ಓದಿರೋರು ಇನ್ನೊಬ್ಬರಿಲ್ಲ. ನಾಲ್ಕು ಥರ ಇದೆ. ಒಂದು, ಸ್ಕೂಲ್ ಲ್ಯಾಬಲ್ಲಿ ಮಕ್ಕಳು ಗಾಜು ಒಡೆದಿದಾರೆ ಅನ್ನೋ ಮೌನ. ಇನ್ನೊಂದು, ಹಸಿವಾಗಿದೆ ಅನ್ನೋದು. ಇನ್ನೊಂದು, ಅಕ್ಕ ಇದೇ ಕಥೇನ ಮೂರನೇ ಸಲ ಹೇಳ್ತಿದಾಳೆ, ಪಾಪ ಹೇಳ್ಕೊಳ್ಳಲಿ ಅನ್ನೋದು. ನಾಲ್ಕನೇದು ಸುಮ್ಮನೆ ಮೌನ, ಅದರಲ್ಲಿ ಏನೂ ಇರಲ್ಲ. ಅದು ನನಗೆ ತುಂಬಾ ಇಷ್ಟ. ಆದ್ರೆ ಇವತ್ತಿನದು ಯಾವುದೂ ಅಲ್ಲ. ಬೆಳಗ್ಗೆಯಿಂದ ಯೋಚನೆ ಮಾಡ್ತಾನೇ ಇದೀನಿ. ಗೊತ್ತಾಗ್ತಿಲ್ಲ.

ಗೊಬ್ಬರ ಹಾಕು ಈಗ. ಆ ಮೂಟೆ ಬಿಚ್ಚು. ಮೂಗು ಮುಚ್ಕೋಬೇಡ, ಅದು ಅಂಗಡಿ ಗೊಬ್ಬರ, ಅದಕ್ಕೆ ವಾಸನೆ ಬರೋ ಯೋಗ್ಯತೆನೂ ಇಲ್ಲ. ಮೊನ್ನೆ ಕೈ ಹಾಕಿ ನೋಡಿದೆ. ಪ್ಲಾಸ್ಟಿಕ್ ಚೂರು, ಪೆನ್ನಿನ ಮುಚ್ಚಳ, ಒಂದು ಚಮಚ. ಚಮಚ ಚೆನ್ನಾಗಿತ್ತು. ತೊಳೆದು ಇಟ್ಟಿದೀನಿ.

ಹೋದ ವರ್ಷದ್ದಾದ್ರೆ ಗೊಬ್ಬರ ಅಂದ್ರೆ ಗೊಬ್ಬರ. ಕಪ್ಪಗೆ, ಹಿಡಿದ್ರೆ ಹಿಟ್ಟಿನ ಥರ ಉದುರೋದು. ತಳ್ಳುಗಾಡೀಲಿ ತುಂಬ್ಕೊಂಡು ಬಂದು, ಇಲ್ಲೇ, ಈ ನಲ್ಲಿ ಪಕ್ಕ ಸುರಿದು…

ಯಾಕೆ ನಿಲ್ಲಿಸ್ದೆ? ಹಾಕು, ಹಾಕು. ನಾನೇನು ಅಂದೆ ಈಗ? ಹೋದ ವರ್ಷದ ಗೊಬ್ಬರ ಚೆನ್ನಾಗಿತ್ತು ಅಂದೆ. ಇದ್ದಿದ್ದನ್ನ ಇತ್ತು ಅನ್ನಬಾರದಾ?

ಈ ಸಲ ಅವರು ಬರಲಿಲ್ಲ. ಬರಲಿಲ್ಲ ಅಂದ್ರೆ ಬರಲಿಲ್ಲ, ಅದಕ್ಕೆ ನಾನೇನು ಮಾಡ್ಲಿ? ನರ್ಸರಿ ಇಟ್ಟೋರಿಗೆ ಚಳಿ ಬಿಟ್ಟ ಕೂಡಲೇ ಉಸಿರಾಡೋಕೂ ಬಿಡುವಿರಲ್ಲ. ಊರಿನೋರೆಲ್ಲ ಸಸಿ ಬೇಕು, ಕುಂಡ ಬೇಕು ಅಂತ ಬಾಗಿಲಿಗೆ ಬರ್ತಾರೆ. ಅದರ ಮೇಲೆ ಸೊಂಟ ನೋವು ಬೇರೆ. ಸೊಂಟ ನೋವಂತೆ ಅವರಿಗೆ. ತಳ್ಳುಗಾಡಿ ತಳ್ಳೋಕೆ ಆಗಲ್ವಂತೆ.

ಯಾರು ಹೇಳಿದ್ರು ಅಂದ್ರೆ… ಯಾರೋ ಹೇಳಿದ್ರು.

ಹೌದು, ಗೊತ್ತು. ನಿನ್ನೆ ಸಾಯಂಕಾಲ ನೀನೇ ಬಂದು ಹೇಳ್ದೆ. ಸ್ಕೂಲ್ ಹಿಂದಿನ ರಸ್ತೇಲಿ ಅವರು ಸೈಕಲ್ ಮೇಲೆ ಎದುರಿಗೆ ಬಂದ್ರು, ನಿನ್ನ ನೋಡಿದ್ರು, ಸೈಕಲ್ ತಿರುಗಿಸಿಕೊಂಡು ವಾಪಸ್ ಹೋದ್ರು ಅಂತ. ಅಷ್ಟು ಹೇಳಿ ಬ್ಯಾಗ್ ಇಟ್ಟು ಮಲಗಿದ್ಯಲ್ಲ. ಆಮೇಲೆ ಒಂದು ಮಾತಿಲ್ಲ. ಅದಕ್ಕೇನಾ ಇದೆಲ್ಲ? ಅಯ್ಯೋ, ಸೊಂಟ ನೋವಿರೋರು ಸೈಕಲ್ ತುಳಿಯೋದಿಲ್ಲ ಅಂತ ಎಲ್ಲಿದೆ? ಡಾಕ್ಟ್ರೇ ಹೇಳಿರಬಹುದು ತುಳೀರಿ ಅಂತ. ಏನೋ ಮರೆತಿರ್ತಾರೆ, ನೆನಪಾಗಿರುತ್ತೆ, ವಾಪಸ್ ಹೋಗಿರ್ತಾರೆ. ಎಲ್ಲರೂ ನಿನ್ನನ್ನೇ ನೋಡಿ ಸೈಕಲ್ ತಿರುಗಿಸ್ತಾರಾ?

ಇಲ್ಲಿ ಎರೆಹುಳ ಇದೆ ನೋಡು. ನಿಧಾನ! ಗುದ್ದಲಿ ತಾಗಿಸ್ಬೇಡ. ಒಂದು ಪಾತಿಗೆ ಹತ್ತು ಎರೆಹುಳ ಇದ್ರೆ ಆ ಮಣ್ಣು ಬದುಕಿದೆ ಅಂತ ಅವರು ಹೇಳ್ತಿದ್ರು… ಹೇಳ್ತಿದ್ರು, ಏನೀಗ. ನಾನು ಕಿಟಕೀಲಿ ನಿಂತು ಕೇಳಿಸ್ಕೊಂಡೆ. ನಾಲ್ಕು ವರ್ಷದಿಂದ ಕೇಳಿಸ್ಕೋತಾನೇ ಇದೀನಿ. ಶನಿವಾರ ಶನಿವಾರ ಬರೋರು. ಒಂದು ಸಲ ಬೀಜ, ಒಂದು ಸಲ ಗಿಡಕ್ಕೆ ಕೋಲು, ಒಂದು ಸಲ ಏನೂ ಇಲ್ಲ, 'ಈ ಕಡೆ ಬಂದಿದ್ದೆ' ಅಂತ. ನೀವಿಬ್ಬರೂ ಗೇಟಿನ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಅರ್ಧ ಗಂಟೆ. ಆರು ಮಾತು. ಎಣಿಸಿದೀನಿ. ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಮೂವತ್ತೊಂದು ವರ್ಷ ಕೂತೋಳು ನಾನು. ಅರ್ಧ ಗಂಟೇಲಿ ಜನ ಏನೇನು ಮಾತಾಡಬಹುದು ಅಂತ ನನಗೆ ಗೊತ್ತು. ನಿಮ್ಮ ಆರು ಮಾತಲ್ಲಿ ಎರಡು ಎರೆಹುಳದ ಬಗ್ಗೆ.

ನಗ್ತೀಯೇನೋ ಅಂದ್ಕೊಂಡೆ. ಇಲ್ಲ.

ಬಾ, ಸಸಿ ಇಡೋಣ. ಆ ಟ್ರೇ ಎಳ್ಕೋ ಇತ್ತ. ಒಂದೊಂದೇ ತೆಗಿ. ಹಳೇ ಪೇಪರ್ ಸುತ್ತಿ ಮಾಡಿದ ಕಪ್ ಸಮೇತ ಇಟ್ಟುಬಿಡು, ಕಾಗದ ಮಣ್ಣಲ್ಲೇ ಕರಗುತ್ತೆ. ಬಿಚ್ಬೇಡ! ಯಾಕೆ ಬಿಚ್ತಿದೀಯ? ಬೇರು ಹರಿಯುತ್ತೆ ಕಣೇ… ಏನು ಓದ್ತಿದೀಯ ಅದರಲ್ಲಿ? ಹಳೇ ಪೇಪರು ಅದು. ಹಳೇ ಸುದ್ದಿ.

ಪೆನ್ಸಿಲ್ಲಾ? ಎಲ್ಲಿ? ಕನ್ನಡಕ ಒಳಗಿದೆ, ನನಗೆ ಕಾಣಲ್ಲ. 'ಹಳದಿ, ಸಣ್ಣ ಜಾತಿ'… ಹಾಂ. ಕಾಣುತ್ತೆ. ಬರೆದಿದಾರೆ. ಬರೆದಿರ್ತಾರೆ, ಮಾರ್ಕೆಟ್ಟಲ್ಲಿ ಗೊತ್ತಾಗ್ಲಿ ಅಂತ ಬರೆದಿರ್ತಾರೆ. ಬುಧವಾರ ತಂದೆ ಅಂತ ಹೇಳಿದ್ನಲ್ಲ. ಆ ಮೂಲೆ ಅಂಗಡಿ… ಯಾವ ಮೂಲೆ ಅಂದ್ರೆ… ಪುಟ್ಟಿ, ನನ್ನ ಮಂಡಿ ಇಟ್ಕೊಂಡು ನಾನು ಮಾರ್ಕೆಟ್ಟಿಗೆ ಹೋಗಿ ಇಪ್ಪತ್ತು ಸಸಿ ಹೊತ್ಕೊಂಡು ಬಂದೆ ಅಂತ ನಾನು ಹೇಳ್ದಾಗ ನೀನು ಹೇಗೆ ನಂಬಿದೆ? ಅವತ್ತೇ ಕೇಳ್ಬೇಕಿತ್ತಪ್ಪ ನೀನು.

ಗೇಟಿನ ಹತ್ರ ಇತ್ತು.

ಟ್ರೇ ಗೇಟಿನ ಹತ್ರ ಇತ್ತು. ಬೆಳಗ್ಗೆ ಹಾಲು ತಗೊಳ್ಳೋಕೆ ಹೋದೆ, ಇತ್ತು. ಮೇಲೆ ಒದ್ದೆ ಗೋಣಿ ಮುಚ್ಚಿತ್ತು. ಆಯ್ತಾ? ಅವರೇ ಇಟ್ಟು ಹೋಗಿರ್ಬೇಕು. ಹಳದಿ ಟೊಮೇಟೊ ಬೇಕು ಅಂತ ನೀನು ಯಾವಾಗ್ಲೋ ಕೇಳಿದ್ದಂತೆ. ಕೊಡ್ತೀನಿ ಅಂತ ಅವರು ಒಪ್ಪಿಕೊಂಡಿದ್ದಂತೆ. ಅದಕ್ಕೆ ಕೊಟ್ಟರು. ಮಾತಿನ ಮನುಷ್ಯ ಅಂತ ನಾನೂ ಒಪ್ತೀನಿ.

ಒಪ್ಪಿಕೊಂಡಿದ್ದು ನನಗೆ ಹೇಗೆ ಗೊತ್ತು?

ನೀನು ಬಾಯಿ ಬಿಟ್ಟು ಕೇಳ್ಲಿಲ್ಲ, ಆದ್ರೂ ಕೇಳಿಸ್ತು. ಹೇಗೆ ಗೊತ್ತು ಅಂದ್ರೆ… ಅವರೇ ಹೇಳಿದ್ರು. ಬಂದಿದ್ರು. ಆ ಗುದ್ದಲಿ ಕೆಳಗಿಡು ನೋಡೋಣ. ಅದನ್ನ ಹಿಡ್ಕೊಂಡು ನನ್ನ ಎದುರಿಗೆ ನಿಲ್ಲಬೇಡ.

ಹೋದ ತಿಂಗಳು ಬಂದಿದ್ರು. ಗುರುವಾರ. ನೀನು ಸ್ಕೂಲಿಗೆ ಹೋಗಿದ್ದೆ. ಬಾಗಿಲು ತೆಗೆದ್ರೆ ಇಸ್ತ್ರಿ ಮಾಡಿದ ಬಿಳಿ ಶರಟು. ಯಾರೋ ತೀರಿಕೊಂಡ್ರು ಅಂತಾನೇ ಅಂದ್ಕೊಂಡೆ. ಒಳಗೆ ಬನ್ನಿ ಅಂದೆ, ಬಂದ್ರು. ಕುರ್ಚಿ ತುದೀಲಿ ಕೂತ್ರು, ಅರ್ಧ ಕೂತ್ರು, ಅರ್ಧ ಇನ್ನೂ ಯೋಚನೆ ಮಾಡ್ತಾ ಇತ್ತು. ಒಂದು ಲೋಟ ನೀರು ಕುಡಿದ್ರು. ಇನ್ನೊಂದು ಲೋಟ ಕುಡಿದ್ರು. ಗಡಿಯಾರ ನೋಡಿದ್ರು. 'ಐದು ನಿಮಿಷ ಹಿಂದಿದೆ' ಅಂದ್ರು. ಹೌದಾ ಅಂದೆ. ನಾನು ಈರುಳ್ಳಿ ಹೆಚ್ಕೊಂಡು ಕೂತೆ. ಮೂರು ಈರುಳ್ಳಿ ಮುಗೀತು.

ಆಮೇಲೆ ಕೇಳಿದ್ರು.

ಏನು ಕೇಳಿದ್ರು ಅಂತ ಗೊತ್ತಾಗ್ಲಿಲ್ವಾ ನಿನಗೆ? ಐವತ್ತೈದು ವರ್ಷ ಆಯ್ತು ಕಣೇ ನಿನಗೆ. ಇಸ್ತ್ರಿ ಶರಟು ಹಾಕ್ಕೊಂಡು ಎರಡು ಲೋಟ ನೀರು ಕುಡಿದು ಏನು ಕೇಳ್ತಾರೆ? 'ನಿಮ್ಮ ತಂಗಿಯವರನ್ನ ಕೇಳಬಹುದಾ ಅಂತ ಮೊದಲು ನಿಮ್ಮನ್ನ ಕೇಳೋಣ ಅಂತ ಬಂದೆ' ಅಂದ್ರು. ಒಂದೇ ಉಸಿರಲ್ಲಿ. ದಾರೀಲಿ ಬಾಯಿಪಾಠ ಮಾಡ್ಕೊಂಡು ಬಂದಿದ್ರು ಅನ್ಸುತ್ತೆ. ಹೆಂಡತಿ ಹೋಗಿ ಒಂಬತ್ತು ವರ್ಷ ಆಯ್ತು, ಮನೆ ಸಣ್ಣದು, ಆದ್ರೆ ಬೆಳಗಿನ ಬಿಸಿಲು ಚೆನ್ನಾಗಿ ಬರುತ್ತೆ ಅಂದ್ರು. ಗಿಡಕ್ಕೆ ಹೇಳೋ ಥರ ಹೇಳಿದ್ರು. ಹಳದಿ ಟೊಮೇಟೊ ವಿಷಯನೂ ಆಗಲೇ ಹೇಳಿದ್ದು. ನೀನು ಒಪ್ಪಲಿ ಬಿಡಲಿ, ಸಸಿ ಮಾತ್ರ ತಂದುಕೊಡ್ತೀನಿ, ಮಾತು ಕೊಟ್ಟಿದೀನಿ ಅಂತ.

ಕೂತ್ಕೋ ಪುಟ್ಟಿ. ಆ ಬಕೆಟ್ ಬೋರಲು ಹಾಕ್ಕೊಂಡು ಕೂತ್ಕೋ. ಬೇಡ್ವಾ? ಸರಿ, ನಿಂತ್ಕೋ.

ನಾನು ಏನಂದೆ… ಕೇಳಿ ಹೇಳ್ತೀನಿ ಅಂದೆ. ಅವಳು ಬರಲಿ, ಕೇಳಿ ಹೇಳ್ತೀನಿ ಅಂದೆ. ಆಮೇಲೆ ಮರೆತುಹೋಯ್ತು. ಅವತ್ತು ಕರೆಂಟು ಹೋಯ್ತಲ್ಲ, ಮಾರನೇ ದಿನ ನಿನಗೆ ಜ್ವರ…

ಹಾಗೆ ನೋಡ್ಬೇಡ. ಮರೆವು ಬರಲ್ವಾ ಮನುಷ್ಯರಿಗೆ? ಅರವತ್ನಾಲ್ಕು ನನಗೆ.

ನಾಲ್ಕು ಶನಿವಾರ ನೀನು ಗೇಟಿನ ಹತ್ರ ಹೋಗಿ ನಿಂತಿದ್ದು ನಾನು ನೋಡಿದೀನಿ. ನಿಂತಿಲ್ಲ, ಹೂ ಕೀಳ್ತಿದ್ದೆ ಅಂತ ನೀನು ಅನ್ಕೊಂಡಿರ್ತೀಯ. ಗೇಟಿನ ಹತ್ರ ಯಾವ ಹೂವಿದೆ? ಎರಡನೇ ಶನಿವಾರ ನೀನು ನೀಲಿ ಸೀರೆ ಉಟ್ಟಿದ್ದೆ. ಅವತ್ತೇ ಹೇಳ್ಬೇಕು ಅಂತ ಬಾಗಿಲವರೆಗೂ ಬಂದೆ. ಆಮೇಲೆ ಒಲೆ ಮೇಲೆ ಏನೋ ಇದೆ ಅಂತ ಒಳಗೆ ಹೋದೆ. ಒಲೆ ಮೇಲೆ ಏನೂ ಇರಲಿಲ್ಲ.

ಮರೆತಿರಲಿಲ್ಲ.

ಬೇಡ ಅಂದುಬಿಟ್ಟೆ. ಅವತ್ತೇ, ಅಲ್ಲೇ. 'ಅವಳಿಗೆ ಅಂಥ ಯೋಚನೆ ಇಲ್ಲ' ಅಂದೆ. ನಿನ್ನ ಒಳ್ಳೇದಕ್ಕೇ ಅಂದೆ ಕಣೇ! ಆ ಮನೆ ನೋಡಿದೀಯ ನೀನು? ಒಂದು ರೂಮು ಪೂರ್ತಿ ಕುಂಡ. ಮಳೆ ಬಂದ್ರೆ ಸೋರುತ್ತೆ, ಅದಕ್ಕೂ ಕುಂಡ ಇಡ್ತಾರಂತೆ. ನಿನಗೆ ಧೂಳಾದ್ರೆ ಸೀನು ಬರುತ್ತೆ. ಇನ್ನೈದು ವರ್ಷ ಸರ್ವೀಸ್ ಇದೆ, ಸ್ಕೂಲಿಗೆ ಆ ಕಡೆಯಿಂದ ಬಸ್ಸಿಲ್ಲ…

ಇದೆಯಾ? ಬಸ್ಸಿದೆಯಾ? ತಲೆ ಆಡಿಸ್ತಿದೀಯ, ಅಂದ್ರೆ ಬಸ್ ನಂಬರೂ ಗೊತ್ತು ನಿನಗೆ. ಎಂದೋ ವಿಚಾರಿಸಿ ಇಟ್ಕೊಂಡಿದೀಯ. ಅಯ್ಯೋ ನನ್ನ ಕರ್ಮವೇ.

ನೀನು ಬಸ್ ನಂಬರು ವಿಚಾರಿಸಿ ಇಟ್ಕೊಂಡಿದ್ದೆ.

ಇರು, ಇರು. ಹೋಗ್ಬೇಡ. ಇನ್ನೂ ಇದೆ. ಬರೀ ಬೇಡ ಅಂದಿದ್ರೆ ಅವರು ಸೈಕಲ್ ತಿರುಗಿಸ್ತಿರಲಿಲ್ಲ, ಅದು ನಿನಗೂ ಗೊತ್ತು. ಅದಕ್ಕೇ ಹೀಗೆ ನಿಂತಿದೀಯ. ಬೇಡ ಅಂದ್ರೂ ಶನಿವಾರ ಬಂದು ಗೇಟಿನ ಹತ್ರ ನಿಲ್ಲೋ ಜಾತಿ ಆತ. ನಾನು ಬೇಡ ಅಂದಾಗ 'ಪರವಾಗಿಲ್ಲ, ಅವರ ಬಾಯಲ್ಲೇ ಒಂದು ಸಲ ಕೇಳ್ತೀನಿ' ಅಂದ್ರು. ಮೆತ್ತಗೇ ಅಂದ್ರು, ಆದ್ರೆ ಅಂದ್ರು. ಆಗ ನನಗೆ ಗೊತ್ತಾಗಿಹೋಯ್ತು. ಇವರು ಕೇಳ್ತಾರೆ, ಇವಳು ಹೂಂ ಅಂತಾಳೆ. ಅಷ್ಟೇ. ಒಂದು ಅಕ್ಷರ. ನಿನಗೆ ಅದಕ್ಕಿಂತ ಜಾಸ್ತಿ ಬೇಕಾಗೇ ಇಲ್ಲ.

ಅದಕ್ಕೆ… ನೀನು ಅಂದೆ ಅಂತ ಹೇಳ್ದೆ.

ನಿನ್ನ ಹೆಸರಲ್ಲಿ ಹೇಳ್ದೆ ಪುಟ್ಟಿ. 'ನಿಮಗೆ ಬೇಜಾರಾಗುತ್ತೆ ಅಂತ ಇಷ್ಟು ಹೊತ್ತು ಹೇಳ್ಲಿಲ್ಲ. ಈ ಮಾತು ಹೋದ ವಾರಾನೇ ನಮ್ಮಲ್ಲಿ ಬಂದಿತ್ತು. ಗೊಬ್ಬರದ ವಾಸನೆ ಹೊತ್ಕೊಂಡು ತಿರುಗೋ ಮನುಷ್ಯನ ಜೊತೆ ನನಗೇನು ಕೆಲಸ ಅಂತ ಅವಳು ನಕ್ಕುಬಿಟ್ಟಳು' ಅಂದೆ. ನಕ್ಕುಬಿಟ್ಟಳು ಅಂತಾನೂ ಸೇರಿಸ್ದೆ. ಅದು ಬೇಕಾಗಿರಲಿಲ್ಲ. ಬಾಯಿಗೆ ಬಂತು, ಸೇರಿಸ್ದೆ.

ಅವರು ಹೀಗೆ ತೋಳು ಎತ್ತಿ, ಶರಟಿನ ಕೈ ಮೂಸಿ ನೋಡ್ಕೊಂಡ್ರು. ಒಂದು ಕೈ. ಆಮೇಲೆ ಇನ್ನೊಂದು. ಸೋಪಿನ ವಾಸನೆ ಬರ್ತಿತ್ತು, ನಾನು ಕೂತಲ್ಲಿಗೇ ಬರ್ತಿತ್ತು. ಎದ್ದರು. ಲೋಟ ತಗೊಂಡು ಹೋಗಿ ತೊಳೆದಿಟ್ರು. ನಾನು ಬೇಡ ಬೇಡ ಅಂದೆ, ತೊಳೆದೇ ಇಟ್ರು. ಈ ಸ್ಟೂಲ್ ಎಳ್ಕೊಂಡು, ಇದೇ ಸ್ಟೂಲು, ಮೇಲೆ ಹತ್ತಿ ಗಡಿಯಾರ ಇಳಿಸಿ ಐದು ನಿಮಿಷ ಮುಂದೆ ಮಾಡಿ ಮತ್ತೆ ಮೊಳೆಗೆ ಹಾಕಿದ್ರು. 'ತೊಂದರೆ ಕೊಟ್ಟೆ' ಅಂದ್ರು. ಹೋದ್ರು.

ಜ್ವರ ಬಿಟ್ಟ ಮೇಲೆ ನೀನು ಮೂರು ದಿನ ಸ್ಕೂಲಿಗೆ ಐದು ನಿಮಿಷ ಬೇಗ ಹೋದೆ, ನಿನಗೇ ಗೊತ್ತಾಗ್ಲಿಲ್ಲ ಯಾಕೆ ಅಂತ.

ಬೈಯಿ. ಏನಾದ್ರೂ ಅನ್ನು. ಆ ಕುಂಡ ಎತ್ತಿ ಒಡಿ. ಇಷ್ಟು ವರ್ಷದಲ್ಲಿ ಒಂದು ಸಲ ಆದ್ರೂ ನನ್ನ ಮೇಲೆ ಕೂಗಾಡೇ.

ಯಾಕೆ ಮಾಡ್ದೆ ಅಂತ ಕೇಳಲ್ವಾ? ಕೇಳು. ನಾನು ಉತ್ತರ ಇಟ್ಕೊಂಡಿದೀನಿ, ಒಂದು ತಿಂಗಳಿಂದ ತಿದ್ದಿ ತೀಡಿ ಇಟ್ಕೊಂಡಿದೀನಿ. ನಿನ್ನ ಆರೋಗ್ಯ, ಜನ ಏನಂತಾರೆ, ಈ ವಯಸ್ಸು… ಬೇಡ. ಅವೆಲ್ಲ ಸುಳ್ಳು. ನೀನು ಹೀಗೆ ನಿಂತಿದ್ರೆ ನನಗೆ ಅವು ಬಾಯಿಗೇ ಬರ್ತಿಲ್ಲ.

ನಿಮ್ಮ ಭಾವ ತೀರಿಕೊಂಡಾಗ ಹತ್ತು ದಿನ ಇದ್ದು ಹೋಗ್ತೀನಿ ಅಂತ ನಿನ್ನ ಮನೆಗೆ ಬಂದೆ. ಹನ್ನೊಂದು ವರ್ಷ ಆಯ್ತು. ಯಾವತ್ತು ಹೋಗ್ತೀಯ ಅಂತ ನೀನು ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ಸಾಯಂಕಾಲ ನೀನು ಬಂದು ಬ್ಯಾಗ್ ಇಡ್ತೀಯ, ಕೈಕಾಲು ತೊಳೀತೀಯ, ಕೂತ್ಕೋತೀಯ. ನಾನು ಬೆಳಗ್ಗೆಯಿಂದ ನೋಡಿದ್ದೆಲ್ಲ ಹೇಳ್ತೀನಿ. ಎದುರು ಮನೆ ಬೆಕ್ಕು, ಗ್ಯಾಸಿನೋನು, ಎಲ್ಲ. ನೀನು ಕೇಳಿಸ್ಕೋತೀಯೋ ಇಲ್ವೋ, ಆದ್ರೆ ಅಲ್ಲಿರ್ತೀಯ. ಈರುಳ್ಳಿ ಹೆಚ್ತಾ ಹೆಚ್ತಾ ನನಗೆ ಒಂದೇ ಯೋಚನೆ ಬಂದಿದ್ದು. ನಾಳೆಯಿಂದ ಗ್ಯಾಸಿನೋನು ಬಂದಿದ್ದ ಅಂತ ನಾನು ಯಾರಿಗೆ ಹೇಳ್ಲಿ? ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ. ಇದ್ದಿದ್ರೆ ಹೇಳ್ತಿದ್ದೆ. ಗ್ಯಾಸಿನೋನಿಗೋಸ್ಕರ ನಿನ್ನ ಬಾಳು ಕೆಡಿಸಿದೆ.

ಎಲ್ಲಿಗೆ? ಪುಟ್ಟಿ… ಎಲ್ಲಿಗೆ ಹೊರಟೆ? ಆ ಟ್ರೇ ಯಾಕೆ ಮುಚ್ಚಿದೆ? ಬಿಸಿಲಿಗಾ. ಸರಿ. ಕೈ ತೊಳ್ಕೋ… ತೊಳ್ಕೊಳ್ಳಲ್ವಾ? ಹಾಗೇ ಹೋಗ್ತೀಯಾ, ಮಣ್ಣು ಕೈಯಲ್ಲೇ? ಸೆರಗಿಗೂ ಮೆತ್ಕೊಂಡಿದೆ. ಹೋಗು. ಹಾಗೇ ಹೋಗು. ನೋಡಿದ ಕೂಡಲೇ ಅವರಿಗೆ ಅರ್ಥ ಆಗುತ್ತೆ.

ಅಕ್ಕ ಸುಳ್ಳು ಹೇಳಿದ್ಲು ಅಂತ ಹೇಳು. ನನ್ನ ಹೆಸರು ಕೆಟ್ಟರೂ ಪರವಾಗಿಲ್ಲ… ಅಲ್ಲ, ನನಗೆ ಬೇಜಾರಾಗುತ್ತೆ. ಆದ್ರೂ ಹೇಳು.

ಯಾಕೆ ನಿಂತೆ?

ಗೇಟು ತೆಗೆದು ಯಾಕೆ ನಿಂತೆ? ಹೋಗು. ನನ್ನನ್ನೇನು ನೋಡ್ತೀಯ? …ನಾನಾ? ನಾನೂ ಬರ್ಬೇಕಾ? ಈ ಕಾಲು ಇಟ್ಕೊಂಡು ಅಷ್ಟು ದೂರ…

ಬೇಡ ಪುಟ್ಟಿ. ಅವರ ಮುಖ ಹೇಗೆ ನೋಡ್ಲಿ ನಾನು?

ಹೂಂ. ನನ್ನ ಕ್ಷಮಿಸಿ ಕರೀತಿಲ್ಲ, ಗೊತ್ತಾಯ್ತು. ಕೈ ಹಿಡ್ಕೊಂಡು ಕರ್ಕೊಂಡು ಹೋಗೋ ಮುಖ ಅಲ್ಲ ಇದು. ನೀನು ಹೇಳಿದ್ರೆ ಅವರು ನಂಬ್ತಾರೆ. ಆದ್ರೂ ಹೇಳಬೇಕಾದೋಳು ನಾನು, ಅದಕ್ಕೆ ನಿಂತಿದೀಯ. ಸಾಯಂಕಾಲದವರೆಗೂ ಹೀಗೇ ನಿಂತಿರ್ತೀಯ. ನನಗೆ ನೀನು ಗೊತ್ತಿಲ್ವಾ?

ಬಂದೆ. ಕೋಲು ತಗೋತೀನಿ. ಚಪ್ಪಲಿ… ಇಲ್ಲಿದೆ. ಬಂದೆ, ನಡಿ. ನಿಧಾನವಾಗಿ ನಡಿ.

ಪುಟ್ಟಿ, ಒಂದು ನಿಮಿಷ. ಅವರು ಬಾಗಿಲು ತೆಗೀತಾರೆ, ನೀನು ಪಕ್ಕಕ್ಕೆ ಸರಿದು ನಿಲ್ತೀಯ. ಆಮೇಲೆ? ನಾನು ಏನಂತ ಶುರು ಮಾಡ್ಲಿ? ನಿನಗಾದ್ರೂ ಗೊತ್ತಿರುತ್ತೆ… ಒಂದು ಮಾತು ಹೇಳಿಕೊಡೇ. ಒಂದೇ ಒಂದು.